ದೀಪದ ಹುಳ

ನನ್ನ ತಮ್ಮನ ಹೆಂಡತಿಗೆ ನಾನು ಕಲಿಸಿದ್ದು ಎರಡೇ. ಒಂದು ಸೀಸೆ ನೋಡುವುದು, ಇನ್ನೊಂದು ಸುಳ್ಳು ಹೇಳುವುದು. ಮೊದಲನೆಯದಕ್ಕೆ ಅವಳು ಆರು ತಿಂಗಳು ತೆಗೆದುಕೊಂಡಳು. ಎರಡನೆಯದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಆ ಎರಡನೆಯದು ಅವಳ ಜೀವಕ್ಕೇ ಕುತ್ತು ತರುವುದರಲ್ಲಿತ್ತು. ಮುಚ್ಚಿಟ್ಟು ಪ್ರಯೋಜನವಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ನಮ್ಮದು ಔಷಧದ ಸೀಸೆ ಮಾಡುವ ಕಾರ್ಖಾನೆ. ಕುಲುಮೆಯಿಂದ ಬಂದ ಸೀಸೆಗಳು ತಣ್ಣಗಾದ ಮೇಲೆ ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಬೆಲ್ಟಿನ ಆಚೆ ಬದಿಗೆ ಉದ್ದಕ್ಕೂ ಬಿಳಿ ದೀಪದ ಹಲಗೆ, ಈಚೆ ಬದಿಗೆ ಸ್ಟೂಲುಗಳ ಮೇಲೆ ನಾವು, ಎಲ್ಲ ಹೆಂಗಸರೇ. ಗುಳ್ಳೆ ಇದ್ದದ್ದು, ಕಲ್ಲು ಸಿಕ್ಕಿಕೊಂಡದ್ದು, ಕತ್ತಿನಲ್ಲಿ ಬಿರುಕು ಬಿಟ್ಟದ್ದು, ಒಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ನಿಂತದ್ದು ಕಂಡರೆ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಅರ್ಧ ಗಂಟೆ ನೋಡುವುದು, ಅರ್ಧ ಗಂಟೆ ಕಣ್ಣಿಗೆ ಬಿಡುವು ಕೊಟ್ಟು ಟ್ರೇ ಜೋಡಿಸುವುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು ಅಂತಾರಲ್ಲ, ಆ ಕೆಲಸಕ್ಕೆ ಸಂಬಳ ಪಡೆಯುವವರು ನಾವು. ನಾನು ಹತ್ತೊಂಬತ್ತು ವರ್ಷದಿಂದ ಪಡೆಯುತ್ತಿದ್ದೇನೆ. ನನ್ನ ಕಣ್ಣು ತಪ್ಪಿಸಿ ಹೋದ ಸೀಸೆ ಕಡಿಮೆ.

ದೀಪದ ಸಾಲಿಗೆ ಹಗಲು ಪಾಳಿ ಮಾತ್ರ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ನಾಲ್ಕೂವರೆಗೆ ಮನೆ. ಪ್ಯಾಕಿಂಗ್ ಶೆಡ್ಡಿನವರಿಗೆ ಮೂರು ಪಾಳಿ, ವಾರಕ್ಕೊಂದು ಸಲ ಬದಲಾಗುತ್ತದೆ. ಮಕ್ಕಳಿರುವ ಹೆಂಗಸಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ನಡೆಯುತ್ತದೆ. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸು ಗೋಡೆಯ ಅಕ್ಷರ ಓದಿಸಿ, ಆಮೇಲೆ ಫಾರಂ ತೆಗೆದು ಒಂದು ಪ್ರಶ್ನೆ ಕೇಳುತ್ತಾಳೆ: ಕಣ್ಣ ಮುಂದೆ ಮಿಂಚು, ಗೆರೆ, ಚುಕ್ಕೆ ಏನಾದರೂ ಕಾಣುತ್ತದೆಯೇ? ಹೌದು ಅಂದವರಿಗೆ ಮರುದಿನದಿಂದ ಪ್ಯಾಕಿಂಗ್ ಶೆಡ್ಡು.

ನಮಗೆ ಕಾಣುತ್ತಿತ್ತು. ಎಲ್ಲರಿಗೂ ಅಲ್ಲ, ಅರ್ಧಕ್ಕರ್ಧ ಮಂದಿಗೆ. ಕೆಲವರಿಗೆ ದೀಪದಿಂದ ಕಣ್ಣು ತೆಗೆದ ಮೇಲೂ ಒಂದು ಹಸಿರು ಚುಕ್ಕೆ ಸ್ವಲ್ಪ ಹೊತ್ತು ಉಳಿಯುತ್ತಿತ್ತು, ಅಷ್ಟೆ. ನನ್ನಂಥವರಿಗೆ ಬೇರೆಯೇ ಥರ. ನೋಟದ ಅಂಚಿನಲ್ಲಿ ಮೊದಲು ಒಂದು ಕಾಳಿನಷ್ಟು ಬೆಳಕು. ಅದು ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿ ಬೆಳೆದು, ಮಿಣಮಿಣ ಅನ್ನುತ್ತಾ ಸೀಸೆಯ ಅರ್ಧ ಭಾಗವನ್ನೇ ನುಂಗಿಬಿಡುತ್ತದೆ. ಇಪ್ಪತ್ತು ನಿಮಿಷದಲ್ಲಿ ಹೊರಟುಹೋಗುತ್ತದೆ. ಹಿಂದೆಯೇ ತಲೆಯ ಒಂದು ಪಕ್ಕ ಒಡೆದುಹೋಗುವಂಥ ನೋವು. ಚುಕ್ಕೆ, ಗರಗಸ ಎರಡಕ್ಕೂ ಸಾಲಿನಲ್ಲಿ ಒಂದೇ ಹೆಸರು: ದೀಪದ ಹುಳ. ದೀಪ ನೋಡಿದವರಿಗೆ ಹುಳ ಬರುತ್ತದೆ, ನೀರಲ್ಲಿ ನಿಂತವರಿಗೆ ಕಾಲು ಒದ್ದೆಯಾಗುತ್ತದೆ, ಇದರಲ್ಲೇನಿದೆ ಅಂತ ನಮ್ಮ ಲೆಕ್ಕಾಚಾರ.

ಹುಳ ಬಂದವಳು ಪಕ್ಕದವಳ ಮೊಣಕಾಲು ತಟ್ಟುತ್ತಾಳೆ. ಪಕ್ಕದವಳು ತುಟಿ ಪಿಟಕ್ಕೆನ್ನದೆ ಇಬ್ಬರ ಪಾಲಿನ ಸೀಸೆಯನ್ನೂ ತಾನೇ ನೋಡುತ್ತಾಳೆ. ಹುಳ ಬಂದವಳು ಸುಮ್ಮನೆ ಕತ್ತು ನೆಟ್ಟಗಿಟ್ಟುಕೊಂಡು ಕೂತಿರುತ್ತಾಳೆ. ಮೇಸ್ತ್ರಿಗೆ ಇಷ್ಟು ವರ್ಷವಾದರೂ ಗೊತ್ತಾಗಿರಲಿಲ್ಲ. ಒಬ್ಬರಿಗೊಬ್ಬರು ಆಗುವುದು ಅಂದರೆ ಹೀಗಿರಬೇಕು ಅಂತ ನನಗೆ ಹೆಮ್ಮೆಯಿತ್ತು.

ತಮ್ಮನ ಹೆಂಡತಿಯನ್ನು ಸಾಲಿಗೆ ಸೇರಿಸಿದವಳು ನಾನು. ಸಣ್ಣ ಆಳು, ಚುರುಕು ಕೈ. ಎರಡೇ ದಿನದಲ್ಲಿ ಸಾಲಿನವರು ಗುಬ್ಬಿ ಅಂತ ಹೆಸರಿಟ್ಟರು. ಐದನೇ ತಿಂಗಳಲ್ಲಿ ಅವಳು ನನ್ನ ಮೊಣಕಾಲು ತಟ್ಟಿದಳು. ಆರನೇ ತಿಂಗಳಲ್ಲಿ ಕಣ್ಣಿನ ಪರೀಕ್ಷೆ ಬಂತು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಅವಳನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದುಕೊಂಡು ಹೋಗಿ ಪಾಠ ಮಾಡಿದೆ.

“ಏನೂ ಕಾಣಲ್ಲ ಅನ್ನು. ಯೋಚನೆ ಮಾಡಿದ ಹಾಗೆ ಕಾಣಿಸಬಾರದು, ಗಡಿಬಿಡೀನೂ ಬೇಡ. ನೀರು ಬೇಕಾ ಅಂದ್ರೆ ಬೇಡ ಅಂತೀವಲ್ಲ, ಹಾಗೆ.”

“ಏನೂ ಕಾಣಲ್ಲ” ಅಂದಳು.

“ಇನ್ನೊಂದು ಸಲ.”

ಹತ್ತು ಸಲ ಹೇಳಿಸಿದೆ. ಹತ್ತನೆಯದು ಎಷ್ಟು ಚೆನ್ನಾಗಿತ್ತೆಂದರೆ ನನಗೇ ನಂಬಿಕೆ ಬಂತು.

ಮೂರು ವರ್ಷ ಕಳೆಯಿತು. ನಡುವೆ ಅವಳಿಗೊಂದು ಹೆಣ್ಣುಮಗುವಾಯಿತು. ಬಸಿರಿನಲ್ಲಿ ಏಳು ತಿಂಗಳು ವಾಂತಿ ಮಾಡಿಕೊಂಡು ಕಡ್ಡಿಯಾಗಿದ್ದವಳು, ಇನ್ನು ನಾಲ್ಕೈದು ವರ್ಷ ಆ ಮಾತೇ ಬೇಡ ಅಂದಳು. ತಮ್ಮನೂ ಸರಿ ಅಂದ. ಅವನು ಲಿಫ್ಟ್ ರಿಪೇರಿ ಮಾಡುವವನು, ಮನೆಯಲ್ಲಿ ಹೆಂಡತಿ ಹೇಳಿದ ಮಹಡಿಗೆ ಹೋಗಿ ನಿಲ್ಲುವವನು. ಪೇಟೆ ಬೀದಿಯ ಕ್ಲಿನಿಕ್ಕಿನ ಡಾಕ್ಟರಮ್ಮನ ಹತ್ತಿರ ಅವಳನ್ನು ಕರೆದುಕೊಂಡು ಹೋದದ್ದು ನಾನೇ. ನಾನೂ ಹಿಂದೆ ಅಲ್ಲಿಂದಲೇ ಬಸಿರು ತಡೆಯುವ ಮಾತ್ರೆ ತರುತ್ತಿದ್ದೆ. ಆ ಕ್ಲಿನಿಕ್ಕಿಗೂ ಕಾರ್ಖಾನೆಗೂ ಯಾವ ಸಂಬಂಧವೂ ಇಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು.

ಡಾಕ್ಟರಮ್ಮ ರಕ್ತದೊತ್ತಡ ನೋಡಿದರು. ಬೀಡಿ ಸಿಗರೇಟು ಇದೆಯಾ, ಕಾಲಿನಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತಾ, ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಿತ್ತಾ ಅಂತೆಲ್ಲ ಕೇಳಿದರು. ಆಮೇಲೆ ತಲೆನೋವಿನ ವಿಷಯಕ್ಕೆ ಬಂದರು. ತಿಂಗಳಿಗೆ ಮೂರ್ನಾಲ್ಕು ಸಲ ಬರುತ್ತದೆ, ಒಂದೇ ಪಕ್ಕಕ್ಕೆ, ಬೆಳಕು ಆಗುವುದಿಲ್ಲ ಅಂತ ಗುಬ್ಬಿ ಹೇಳಿದಳು.

“ಮೈಗ್ರೇನ್” ಅಂದರು ಡಾಕ್ಟರಮ್ಮ. “ನೋವು ಶುರುವಾಗೋ ಮುಂಚೆ ಕಣ್ಣ ಮುಂದೆ ಏನಾದರೂ ಕಾಣುತ್ತಾ? ಮಿಂಚೋ ಗೆರೆ, ಅಂಕುಡೊಂಕು ಬೆಳಕು?”

“ಏನೂ ಕಾಣಲ್ಲ.”

ನೀರು ಬೇಡ ಅಂದ ಹಾಗೆಯೇ ಹೇಳಿದಳು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನಗೆ, ಭೇಷ್ ಅನ್ನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ. ಆ ಪ್ರಶ್ನೆ ಕೇಳಿದಾಗ ನಮ್ಮಿಬ್ಬರ ಕಿವಿಗೂ ಬಿದ್ದದ್ದು ಕಾರ್ಖಾನೆಯ ನರ್ಸಿನ ದನಿ. ಅದೂ ಅಲ್ಲದೆ, ಡಾಕ್ಟರಮ್ಮ ಕೇಳುತ್ತಿದ್ದದ್ದು ಕಾಯಿಲೆಯ ವಿಷಯ, ನಮ್ಮದು ಕೆಲಸದ ವಿಷಯ. ಬಡಗಿಯ ಅಂಗೈ ಒರಟಾದರೆ ಅದನ್ನು ಚರ್ಮರೋಗ ಅನ್ನುವುದುಂಟೇ?

“ಹಾಗಾದ್ರೆ ಈ ಮಾತ್ರೆ ತಗೊಳ್ಳಬಹುದು. ಯಾವತ್ತಾದರೂ ಅಂಥದ್ದು ಕಂಡರೆ ಮಾತ್ರ ಅವತ್ತೇ ನಿಲ್ಲಿಸಿ, ಬಂದು ನನ್ನ ನೋಡಿ” ಅಂದರು. ಇಬ್ಬರೂ ಕೋಲೆಬಸವನ ಹಾಗೆ ತಲೆ ಆಡಿಸಿ ಬಂದೆವು.

ಮಾತ್ರೆ ಶುರುಮಾಡಿದ ಎರಡನೇ ತಿಂಗಳಿಗೆ ಹುಳ ಹೆಚ್ಚಾಯಿತು. ತಿಂಗಳಿಗೆ ಮೂರ್ನಾಲ್ಕು ಸಲ ಬರುತ್ತಿದ್ದದ್ದು ವಾರಕ್ಕೆರಡು ಸಲ ಬರತೊಡಗಿತು. ಒಂದು ಭಾನುವಾರ ಮಧ್ಯಾಹ್ನ ಅವಳು ಮಗುವಿಗೆ ತಲೆ ಬಾಚುತ್ತಾ ಕೂತಿದ್ದಾಗಲೂ ಬಂತಂತೆ. ಮಗುವಿನ ಅರ್ಧ ಮುಖವೇ ಕಾಣಿಸಲಿಲ್ಲವಂತೆ. ಸೋಮವಾರ ನನ್ನ ಹತ್ತಿರ ಬಂದು, “ಅಕ್ಕ, ನಿನ್ನೆ ದೀಪಾನೇ ಇರಲಿಲ್ಲ, ಆದ್ರೂ ಬಂತು” ಅಂದಳು. ನಾನು ಎಲ್ಲ ಬಲ್ಲವಳ ಹಾಗೆ, “ಆರು ದಿನ ಕುಡಿದ ಬೆಳಕು ಒಂದೇ ದಿನದಲ್ಲಿ ಇಳಿಯುತ್ತಾ?” ಅಂದೆ. ಅವಳು ನಂಬಿದಳು. ಸಾಲಿನಲ್ಲಿ ಯಾರನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು.

ಮೂರನೇ ತಿಂಗಳಲ್ಲಿ, ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಅವಳು ನನ್ನ ಮೊಣಕಾಲು ತಟ್ಟಿದಳು. ನಾನು ಅವಳ ಪಾಲು ನೋಡತೊಡಗಿದೆ. ಸ್ವಲ್ಪ ಹೊತ್ತಿಗೆ ಅವಳ ಕೈಯಲ್ಲಿದ್ದ ಸೀಸೆ ಬಿದ್ದು ಚೂರಾಯಿತು. ತಿರುಗಿ ನೋಡಿದರೆ, ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಯಾರದೋ ಕೈಯನ್ನು ಎತ್ತಿಡುವ ಹಾಗೆ. ಬೆರಳಿನಿಂದ ಜೋಮು ಹತ್ತಿ ತುಟಿಯವರೆಗೆ ಬಂದಿತ್ತು. ಏನಾಯಿತೇ ಅಂದೆ. ಅವಳು ಬಾಯಿ ತೆರೆದಳು. ಬಂದದ್ದು ಮಾತಿನ ಹಾಗಿತ್ತು, ಆದರೆ ಮಾತಾಗಿರಲಿಲ್ಲ. ತಾನು ಹೇಳಿದ್ದು ತನಗೇ ಅರ್ಥವಾಗದೆ ಅವಳು ನನ್ನನ್ನು ನೋಡಿದಳು.

ಮೇಸ್ತ್ರಿಗೆ ಹೊಟ್ಟೆನೋವು ಅಂತ ಹೇಳಿ, ಅಲ್ಲಿಯೂ ಸುಳ್ಳೇ ಬಾಯಿಗೆ ಬಂತು ನೋಡಿ, ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ತಲುಪುವಷ್ಟರಲ್ಲಿ ಮಾತು ಬಂದಿತ್ತು, ಕೈಯೂ ಸರಿಯಾಗಿತ್ತು, ತಲೆನೋವು ಶುರುವಾಗಿತ್ತು. ಬಾಗಿಲಲ್ಲಿ ಅವಳು, “ಹೋಯ್ತಲ್ಲಕ್ಕ, ವಾಪಸ್ ಹೋಗೋಣ” ಅಂದಳು. ನಾನು ಬಿಡಲಿಲ್ಲ. ಡಾಕ್ಟರಮ್ಮನ ಎದುರು ಕೂತು ಹುಳದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಭಾನುವಾರದ್ದನ್ನೂ ಹೇಳಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಿಲ್ಲ.

“ದೀಪದ ಮುಂದೆ ಕೂತರೆ ಇದು ಜಾಸ್ತಿ ಆಗಬಹುದು. ಆದರೆ ಇದು ದೀಪ ಮಾಡಿದ್ದಲ್ಲ, ಮೈಗ್ರೇನಿಂದೇ ಒಂದು ಭಾಗ. ಹೀಗೆ ಬೆಳಕು ಕಾಣೋರು ಈ ಜಾತಿ ಮಾತ್ರೆ ತಗೊಳ್ಳಬಾರದು. ಮಿದುಳಿಗೆ ಹೋಗೋ ರಕ್ತನಾಳ ಕಟ್ಟಿಕೊಳ್ಳೋ ಅಪಾಯ ಇದೆ. ಲಕ್ವ ಅಂತೀವಲ್ಲ, ಅದು. ಸಾವಿರದಲ್ಲಿ ಎಲ್ಲೋ ಒಬ್ಬರಿಗೆ ಆಗಬಹುದು. ಆದರೆ ಬೇರೆ ದಾರಿ ಇರುವಾಗ ಆ ಒಬ್ಬರು ನೀವ್ಯಾಕೆ ಆಗಬೇಕು?”

ಮಾತ್ರೆ ಅವತ್ತೇ ನಿಂತಿತು. ಈಗ ಆದದ್ದು ಮೈಗ್ರೇನೋ ಅಥವಾ ಅದಕ್ಕಿಂತ ದೊಡ್ಡದೋ ನೋಡಬೇಕು ಅಂತ ದೊಡ್ಡಾಸ್ಪತ್ರೆಗೆ ಸ್ಕ್ಯಾನಿಗೆ ಬರೆದುಕೊಟ್ಟರು. ಅಲ್ಲಿ ನಾಲ್ಕು ಗಂಟೆ ಕಾದೆವು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆ ನಾಲ್ಕು ಗಂಟೆಯಲ್ಲಿ ಗುಬ್ಬಿ ನನ್ನ ಜೊತೆ ಮಾತಾಡಿದ್ದು ಒಂದೇ ಸಲ. ಕಾರಿಡಾರಿನ ಬೆಂಚಿನ ಮೇಲೆ ಕಣ್ಣಿಗೆ ಸೆರಗು ಮುಚ್ಚಿಕೊಂಡೇ ಮಾತಾಡಿದಳು.

“ನಾನು ಅಭ್ಯಾಸಬಲದಲ್ಲಿ ಹಾಗೆ ಹೇಳಿಬಿಟ್ಟೆ, ಅಕ್ಕ. ನೀವು ಪಕ್ಕದಲ್ಲೇ ಕೂತಿದ್ರಿ. ನೀವಾದ್ರೂ ಹೇಳಬಹುದಿತ್ತು.”

“ನನಗೂ ಹೊಳೀಲಿಲ್ಲ ಕಣೇ.”

“ಹೊಳೀದಿದ್ರೆ ಪರವಾಗಿಲ್ಲ. ನಿಮಗೆ ಖುಷಿ ಆಯ್ತು. ನಾನು ನಿಮ್ಮ ಮುಖ ನೋಡಿದೆ.”

ನಾನೂ ಅದೇ ಮಾತ್ರೆಯನ್ನು ಅದೇ ಹುಳ ಇಟ್ಟುಕೊಂಡು ಒಂಬತ್ತು ವರ್ಷ ನುಂಗಿದ್ದೆ, ನನಗೇನೂ ಆಗಿರಲಿಲ್ಲ. ಅದನ್ನು ಇಷ್ಟು ದಿನ ಗಟ್ಟಿ ಮೈ ಅಂದುಕೊಂಡಿದ್ದೆ. ಬರಿಯ ಅದೃಷ್ಟ ಅಂತ ಆ ಬೆಂಚಿನ ಮೇಲೆ ಗೊತ್ತಾಯಿತು. ನನ್ನ ಅದೃಷ್ಟವನ್ನು ಬುದ್ಧಿವಂತಿಕೆ ಅಂತ ಅವಳಿಗೆ ದಾಟಿಸಿದ್ದೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮರುವಾರ ಬೇರೆ ಏನು ಮಾಡುವುದು ಅಂತ ಕೇಳಲು ಹೋದಾಗ ತಮ್ಮನೂ ಬಂದ. ನಾನು ಹೊರಗೇ ಇರುತ್ತೇನೆ ಅಂದೆ. “ಬನ್ನಿ, ಆದರೆ ಬಾಯಿ ತೆಗೀಬೇಡಿ” ಅಂದಳು ಗುಬ್ಬಿ. ಡಾಕ್ಟರಮ್ಮ ಒಂದೊಂದಾಗಿ ಮೇಜಿನ ಮೇಲೆ ಇಟ್ಟು ತೋರಿಸಿದರು. ಒಂದೇ ಹಾರ್ಮೋನಿರುವ ಇನ್ನೊಂದು ಜಾತಿಯ ಮಾತ್ರೆ ಇತ್ತು, ದಿನಾ ಹೊತ್ತಿಗೆ ಸರಿಯಾಗಿ ನುಂಗಬೇಕು. ತೋಳಿನ ಚರ್ಮದಡಿ ಇಡುವ ಕಡ್ಡಿ ಇತ್ತು. ಮೂರು ತಿಂಗಳಿಗೊಂದು ಸೂಜಿ ಅಂದರು. ಗರ್ಭಕೋಶದೊಳಗೆ ಕೂರಿಸುವ ಸಾಧನದಲ್ಲಿ ಎರಡು ಬಗೆ, ಹಾರ್ಮೋನಿನದು ಮತ್ತು ತಾಮ್ರದ್ದು. ಗುಬ್ಬಿ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಬಿರುಕು ಹುಡುಕುವವಳ ಹಾಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಇದು ರಕ್ತಕ್ಕೆ ಸೇರುತ್ತಾ, ತಲೆಗೆ ಹೋಗುತ್ತಾ?

“ಸ್ವಲ್ಪ ಸೇರುತ್ತೆ, ಆದರೆ ನೀವು ನಿಲ್ಲಿಸಿದ ಮಾತ್ರೆಯಲ್ಲಿದ್ದ ಅಪಾಯದ ಹಾರ್ಮೋನ್ ಇವುಗಳಲ್ಲಿ ಇಲ್ಲ. ತಾಮ್ರದ್ದರಲ್ಲಿ ಹಾರ್ಮೋನೇ ಇಲ್ಲ, ತಲೆಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಮುಟ್ಟು ಜಾಸ್ತಿ ಹೋಗಬಹುದು, ಮೊದಲ ಮೂರ್ನಾಲ್ಕು ತಿಂಗಳು ಹೊಟ್ಟೆನೋವೂ ಇರಬಹುದು.”

ಇಷ್ಟು ಹೊತ್ತೂ ಎರಡು ಮಹಡಿಗಳ ನಡುವೆ ಕೆಟ್ಟು ನಿಂತ ಲಿಫ್ಟಿನಂತಿದ್ದ ತಮ್ಮ ಇದ್ದಕ್ಕಿದ್ದಂತೆ, “ನನಗೇ ಆಪರೇಷನ್ ಮಾಡಿಬಿಡಿ, ಡಾಕ್ಟ್ರೇ” ಅಂದ. ದನಿ ಸಣ್ಣಗಿತ್ತು, ಆದರೂ ಅಂದ. ಅವನ ಮೇಲೆ ನನಗೆ ಪ್ರೀತಿ ಉಕ್ಕಿತು.

“ಅದು ಕಾಯಂ ಅಂತೆ. ನಾಲ್ಕೈದು ವರ್ಷ ಆದ್ಮೇಲೆ ಇನ್ನೊಂದು ಬೇಕು ಅನ್ನಿಸಿದ್ರೆ?” ಅಂದಳು ಗುಬ್ಬಿ. ಅವನು ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಕಾಗದ ಹಾರಬೇಕಿತ್ತು.

ಅವಳು ತಾಮ್ರದ್ದನ್ನು ಆರಿಸಿದಳು. “ಹೊಟ್ಟೆ ನೋವು ಬಂದ್ರೆ ಹೊಟ್ಟೆ ನೋವು ಅಂತ ಗೊತ್ತಾಗುತ್ತೆ. ತಲೆ ವಿಷಯದಲ್ಲಿ ನನಗೆ ಇನ್ನು ಧೈರ್ಯ ಇಲ್ಲ” ಅಂದಳು. ಹೊರಡುವಾಗ ಡಾಕ್ಟರಮ್ಮ ನನ್ನ ಕಡೆ ತಿರುಗಿ, ನಿಮ್ಮ ಕೆಲಸದವರಲ್ಲಿ ಇನ್ನೂ ಯಾರಿಗಾದರೂ ಹೀಗೆ ಕಾಣುತ್ತಾ ಅಂತ ಕೇಳಿದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಕೆಲಸ ಅಂದ್ಮೇಲೆ ಕಣ್ಣು ದಣಿಯುತ್ತೆ” ಅಂದೆ. ಗುಬ್ಬಿ ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ.

ಅನ್ನುವ ಬದಲು ಮಾಡಿ ತೋರಿಸಿದಳು. ತಾಮ್ರ ಹಾಕಿಸಿಕೊಂಡ ಮೂರನೇ ದಿನ ನೇರವಾಗಿ ನರ್ಸಿನ ಕೋಣೆಗೆ ಹೋಗಿ, ತನ್ನ ಫಾರಂ ತೆಗೆಸಿ, ಕಾಣುತ್ತದೆ ಅಂತ ಬರೆಸಿದಳು. ಮರುದಿನದಿಂದ ಅವಳಿಗೆ ಪ್ಯಾಕಿಂಗ್ ಶೆಡ್ಡು. ಅವಳಿಗೆ ರಾತ್ರಿ ಪಾಳಿ ಬಂದ ವಾರ ಮಗು ನನ್ನ ಮಗ್ಗುಲಲ್ಲಿ ಮಲಗುತ್ತದೆ. ನಿದ್ದೆಯಲ್ಲಿ ಒದೆಯುತ್ತದೆ. ಒದೆಸಿಕೊಳ್ಳುತ್ತೇನೆ.

ಸಾಲಿನಲ್ಲಿ ಬೆಂಕಿ ಬಿತ್ತು. ಒಬ್ಬಳು ಹೌದು ಅಂದ ಮೇಲೆ ನರ್ಸಿಗೆ ಅನುಮಾನ ಬಂದು, ಮುಂದಿನ ತಿಂಗಳೇ ಎಲ್ಲರನ್ನೂ ಮತ್ತೆ ಪರೀಕ್ಷೆ ಮಾಡುತ್ತಾರೆ ಅಂತ ನೋಟಿಸು ಅಂಟಿತು. ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ಸಾಲಿನವರು ಕತ್ತರಿ ಅಂತ ಕರೆಯುವವಳು. ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು, ಮಾತು ಶುರುವಾಗುವ ಮೊದಲೇ ಕತ್ತರಿಸುವವಳು. ಅವಳ ಮಗಳೂ ಎರಡು ವರ್ಷದಿಂದ ನಮ್ಮದೇ ಸಾಲಿನಲ್ಲಿ, ನಾಲ್ಕನೇ ಸ್ಟೂಲಿನಲ್ಲಿ ಕೂರುತ್ತಾಳೆ.

“ನಿನ್ನ ಗುಬ್ಬಿ ಹಾರಿಹೋದ್ಲು, ಹೋಗೋವಾಗ ಗೂಡಿಗೆ ಬೆಂಕಿ ಇಟ್ಟು ಹೋದ್ಲು” ಅಂದಳು ಕತ್ತರಿ, ಎಲ್ಲರೆದುರಿಗೆ.

ಊಟದ ಹೊತ್ತಿನಲ್ಲಿ ನಾನು ಒಂದು ಸಲ ಪ್ರಯತ್ನಪಟ್ಟೆ. ಹುಳ ಇರುವವರು ಯಾರಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ ಅಂದೆ, ಗುಬ್ಬಿಗೆ ಕೈ ಸತ್ತದ್ದನ್ನೂ ಮಾತು ತೊದಲಿದ್ದನ್ನೂ ಹೇಳಿದೆ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅನ್ನ ತಿನ್ನೋವಾಗ ಇವೆಲ್ಲ ಯಾಕೆ” ಅಂದಳು ಒಬ್ಬಳು. ಅವತ್ತು ಮಧ್ಯಾಹ್ನ ನನಗೆ ಹುಳ ಬಂತು. ಪಕ್ಕದವಳ ಮೊಣಕಾಲು ತಟ್ಟಿದೆ. ಅವಳು ಕಾಲು ಸರಿಸಿಕೊಂಡಳು. ಇಪ್ಪತ್ತು ನಿಮಿಷ ನಾನು ಅರ್ಧ ಸೀಸೆ ನೋಡುತ್ತಾ, ಇನ್ನರ್ಧವನ್ನು ಊಹೆ ಮಾಡುತ್ತಾ ಕೂತಿದ್ದೆ. ಕತ್ತು ಬಿರಿದ ಎರಡು ಸೀಸೆ ದಾಟಿಹೋದವು. ಮೇಸ್ತ್ರಿ ಅವನ್ನು ತಂದು ನನ್ನ ಮುಂದೆ ಇಟ್ಟು, “ಏನಕ್ಕ, ನೀವೂ?” ಅಂದ.

ಆಮೇಲೆ ಹತ್ತು ದಿನ ಸಾಲಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಹನ್ನೊಂದನೇ ದಿನ, ಬಿಡುವಿನ ಅರ್ಧ ಗಂಟೆಯಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಹೋಗಿದ್ದೆ. ಕತ್ತರಿ ಹಿಂದೆಯೇ ಬಂದು ಬಾಗಿಲು ಹಾಕಿದಳು. ಜಗಳಕ್ಕೆ ಬಂದಳು ಅಂದುಕೊಂಡೆ. ಅವಳು ರವಿಕೆಯೊಳಗಿನಿಂದ ಒಂದು ಮಾತ್ರೆ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದಳು.

“ಇದೇನಾ?”

ಹಿಂಬದಿಯ ಸಣ್ಣ ಅಕ್ಷರ ಓದಿದೆ. ಅದೇ.

“ಎಷ್ಟು ದಿನದಿಂದ ತಗೊಳ್ತಿದ್ದೀಯೇ? ಈ ವಯಸ್ಸಲ್ಲಿ ನಿನಗ್ಯಾಕೆ ಇದು?”

“ನಂದಲ್ಲ.”

ಅವಳು ಹೇಳುವ ಮೊದಲೇ ನನಗೆ ಗೊತ್ತಾಯಿತು.

“ಮದುವೆ ಆದಾಗಿಂದ ತಗೊಳ್ತಿದ್ದಾಳೆ. ಮೊನ್ನೆ ಬೆರಳು ಜೋಮು ಹಿಡೀತು ಅಂದ್ಲು. ಸರಿಯಾಗಿ ಮಲಗಿಲ್ಲ ಹೋಗೇ ಅಂದೆ ನಾನು. ಇವತ್ತು ಬೆಳಿಗ್ಗೆ ಮತ್ತೆ.” ಕತ್ತರಿಯ ಬಾಯಲ್ಲಿ ಮಾತು ಪೂರ್ತಿಯಾಗಿ ಬಂದದ್ದು ಅವತ್ತೇ ಇರಬೇಕು. “ಡಾಕ್ಟ್ರು ಕೇಳಿದ್ರಂತೆ. ಏನೂ ಕಾಣಲ್ಲ ಅಂದ್ಲಂತೆ. ನಾನೇ ಹೇಳಿಕೊಟ್ಟಿದ್ದು.”

“ಅವಳು ಈಗ ಎಲ್ಲಿ?”

“ದೀಪದ ಮುಂದೆ. ಅರ್ಧ ಗಂಟೆ ಆಗೋವರೆಗೂ ಏಳೋ ಹಾಗಿಲ್ವಲ್ಲ.”

ಕಾಯುವುದಕ್ಕೂ ಒಂದು ಮಿತಿ ಇದೆ. ನಾನು ಸಾಲಿಗೆ ಹೋಗಿ ಹುಡುಗಿಯ ಭುಜ ಮುಟ್ಟಿದೆ. ಏಳು, ಅಮ್ಮ ಕರೀತಾಳೆ, ಸೀಸೆ ನಾನು ನೋಡ್ತೀನಿ ಅಂದೆ. ಅವಳು ಏನೂ ಕೇಳದೆ ಎದ್ದಳು, ಏಳುವಾಗ ಬಲಗೈಯನ್ನು ಮೈಗೆ ಒತ್ತಿ ಹಿಡಿದುಕೊಂಡಿದ್ದಳು. ತಾಯಿ ಮಗಳು ಹಾಜರಿ ಕಾರ್ಡು ಒತ್ತದೆಯೇ ಗೇಟು ದಾಟಿ ಕ್ಲಿನಿಕ್ಕಿಗೆ ಹೋದರು. ಎರಡು ನಿಮಿಷದಲ್ಲಿ ಮೇಸ್ತ್ರಿ ಬಂದ.

“ಎಲ್ಲಿಗೆ ಹೋದ್ರು ಇಬ್ಬರೂ?”

ಹೊಟ್ಟೆನೋವು ಅನ್ನಬಹುದಿತ್ತು, ನಾಲಿಗೆ ತುದಿಗೂ ಬಂದಿತ್ತು. ಸಾಲಿನ ಹೆಂಗಸರೆಲ್ಲ ದೀಪ ನೋಡುತ್ತಿದ್ದರೂ ಕಿವಿ ನನ್ನ ಕಡೆಗಿತ್ತು. ಆ ಹುಡುಗಿಯ ವಿಷಯ ಹೇಳಿಕೊಳ್ಳುವುದು ಬಿಡುವುದು ಅವಳಿಗೆ ಸೇರಿದ್ದು. ನನ್ನದನ್ನು ಹೇಳಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

“ಅವರು ಡಾಕ್ಟರ ಹತ್ರ ಹೋದ್ರು. ನೀವು ನನ್ನ ಹೆಸರು ಬರ್ಕೊಳ್ಳಿ, ಮೇಸ್ತ್ರಿ. ನನಗೆ ಬೆಳಕು ಕಾಣುತ್ತೆ. ಕೆಲಸಕ್ಕೆ ಸೇರಿದ ವರ್ಷದಿಂದ ಕಾಣುತ್ತೆ.”

ಅವನು ನನ್ನನ್ನು ನೋಡಿದ, ಸಾಲನ್ನು ನೋಡಿದ. ಕೆಟ್ಟವನಲ್ಲ ಅವನು. ದನಿ ತಗ್ಗಿಸಿ ಕೇಳಿದ.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಅಕ್ಕ?”

“ಹೇಳಿದ್ರೆ ಈ ಸ್ಟೂಲು ಹೋಗ್ತಿತ್ತು.”

“ಈಗ್ಲೂ ಹೋಗುತ್ತಲ್ಲ.”

“ಹೋಗಲಿ” ಅಂದೆ.